ಪದ ಪರಿಚಯ: ಕಸಿಯ ನಂತರದ ಮೂಳೆ ಸವೆತ

ಬೇರೆಯವರ ಅಂಗ ಪಡೆದವರು, ದೇಹ ಅದನ್ನು ತಿರಸ್ಕರಿಸದಿರಲೆಂದು ಬದುಕಿರುವವರೆಗೂ ಮಾತ್ರೆ ನುಂಗಬೇಕು. ಆ ಮಾತ್ರೆಗಳಿಂದ, ಅದರಲ್ಲೂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್‌ನಿಂದ, ಮೂಳೆ ಟೊಳ್ಳಾಗುವುದೇ ಕಸಿಯ ನಂತರದ ಮೂಳೆ ಸವೆತ. ದಾವಣಗೆರೆ, ಚಿತ್ರದುರ್ಗದ ಕಡೆ ಇದರ ಮಾತು ಬರುವುದು ಹೆಚ್ಚಾಗಿ ಕಿಡ್ನಿ ಕಸಿ ಆದವರ ಮನೆಗಳಲ್ಲಿ. ಆದರೆ ತೊಡಕು ಅತಿ ಹೆಚ್ಚು ಗೋಜಲಾಗುವುದು ಮುಖ ಕಸಿಯಲ್ಲಿ.

2005ರ ನವೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ನಡೆದ ಮೊದಲ ಮುಖ ಕಸಿಯಲ್ಲಿ ಜೋಡಿಸಿದ್ದು ಮೂಗು, ತುಟಿ, ಗದ್ದದ ಮೃದು ಭಾಗಗಳನ್ನು. 2008ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ಮೇಲ್ದವಡೆಯ ಮೂಳೆಯನ್ನೂ ಸೇರಿಸಿ ಕಸಿ ಮಾಡಿದರು. ಇಂಥ ಕಸಿಯಲ್ಲಿ ದಾನಿಯ ದವಡೆಯನ್ನು ಟೈಟಾನಿಯಂ ಪ್ಲೇಟು, ಸ್ಕ್ರೂಗಳಿಂದ ರೋಗಿಯ ಮೂಳೆಗೆ ಬಿಗಿಯುತ್ತಾರೆ. ರಕ್ತ ಸರಿಯಾಗಿ ಹರಿಯದಿದ್ದರೆ, ಅಥವಾ ಅಗಿಯುವ ಒತ್ತಡಕ್ಕೆ ಪ್ಲೇಟು ಅಲುಗಾಡಿದರೆ, ಎರಡು ತುದಿಗಳು ಕೂಡಿಕೊಳ್ಳುವುದಿಲ್ಲ. ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುವುದಿಲ್ಲ.

ಇನ್ನೊಂದು ಕಡೆ ರೋಗಿಯ ಸ್ವಂತ ಬೆನ್ನುಮೂಳೆ, ಸೊಂಟ ಸವೆಯುತ್ತಿರುತ್ತವೆ. ಸ್ಟೀರಾಯ್ಡ್ ಹೊಸ ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಹೊರಹೋಗುವುದನ್ನು ಹೆಚ್ಚಿಸುತ್ತದೆ. ಸವೆತ ಜೋರಾಗಿರುವುದು ಮೊದಲ 3ರಿಂದ 6 ತಿಂಗಳು, ಅಂದರೆ ಡೋಸ್ ಹೆಚ್ಚಿರುವ ಕಾಲದಲ್ಲೇ. ಪ್ರೆಡ್ನಿಸೋಲೋನ್ ದಿನಕ್ಕೆ 2.5 ಮಿಲಿಗ್ರಾಂ ಮೇಲ್ಪಟ್ಟು ಮೂರು ತಿಂಗಳು ದಾಟುವುದಿದ್ದರೆ ಮೂಳೆ ಪರೀಕ್ಷೆ ಬೇಕೇ ಬೇಕು. ಬೆನ್ನುಮೂಳೆ ಕುಸಿದರೂ ಎಷ್ಟೋ ಸಲ ನೋವೇ ಇರುವುದಿಲ್ಲ, ಎತ್ತರ ಕಡಿಮೆಯಾದಾಗಲೇ ತಿಳಿಯುವುದು.

ದಿನಕ್ಕೆ ಊಟವೂ ಸೇರಿ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ, 600ರಿಂದ 800 ಯೂನಿಟ್ ವಿಟಮಿನ್ ಡಿ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೂ ರಕ್ತಕ್ಕೆ ಸೇರುವುದಿಲ್ಲ ಅನ್ನಿ. (ದೋಸೆಯ ಮೇಲಿನ ಬೆಣ್ಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ.) ಕ್ಯಾಲ್ಸಿಯಂ ಮಾತ್ರೆಯನ್ನು ಮೈಕೋಫಿನೊಲೇಟ್ ಜೊತೆ ನುಂಗಿದರೆ ಕಸಿ ಕಾಯುವ ಆ ಔಷಧವೇ ಸರಿಯಾಗಿ ಹೀರಿಕೆಯಾಗದೇ ಹೋಗಬಹುದು, ನಡುವೆ ಎರಡು ಗಂಟೆ ಇರಲಿ.

ಸವೆತ ತಡೆಯಲು ಕೊಡುವ ಅಲೆಂಡ್ರೋನೇಟ್ 70 ಮಿಲಿಗ್ರಾಂ ವಾರಕ್ಕೊಂದೇ ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ಲೋಟ ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಕಸಿ ಕಾಯುವ ಇನ್ನೊಂದು ಔಷಧವಾದ ಟ್ಯಾಕ್ರೋಲಿಮಸ್‌ನಿಂದ ಕಿಡ್ನಿ ತೀರಾ ಸೊರಗಿದ್ದರೆ ಈ ಮಾತ್ರೆ ಆಗದು. ಆಗ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡಬಹುದು. ಆದರೆ ಈ ಇಂಜೆಕ್ಷನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಮುರಿಯುವ ಅಪಾಯವಿದೆ.

ಮುಖ ಕಸಿಯ ನಿಜವಾದ ಇಕ್ಕಟ್ಟು ಇಲ್ಲಿದೆ: ಬೆನ್ನು ಕಾಯುವ ಈ ಎರಡೂ ಔಷಧಗಳು ಅಪರೂಪಕ್ಕೆ ದವಡೆ ಮೂಳೆಯನ್ನು ಸಾಯಿಸುತ್ತವೆ. ಹಲ್ಲು ಕಿತ್ತ ಜಾಗ ಮಾಯದೆ ಎಂಟು ವಾರ ಮೂಳೆ ತೆರೆದೇ ಇದ್ದರೆ ಅದರ ಲಕ್ಷಣ. ಪ್ಲೇಟು, ಸ್ಕ್ರೂ ಹೊತ್ತ ದವಡೆಗೆ ಇಂಥ ಪೆಟ್ಟು ಬೀಳಬಾರದು. ಹಾಗಾಗಿ ಕೀಳಬೇಕಾದ ಹಲ್ಲನ್ನು ಔಷಧಕ್ಕೆ ಮೊದಲೇ ಕಿತ್ತು, ಗಾಯ ಮಾಯಿಸಿಕೊಳ್ಳಬೇಕು. ಕಿಡ್ನಿ ಕಸಿ ಆದವರಿಗೂ ಇದೇ ಮಾತು.

ಮೂಳೆಯ ಸಾಂದ್ರತೆ ಅಳೆಯುವುದು ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನ್. ಅದು ಕೊಡುವ ಟಿ ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಸವೆತ. ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿ ನೋಡುವ ಯಂತ್ರದ ಅಂಕಿಯನ್ನು ಇದರ ಜೊತೆ ಹೋಲಿಸಬೇಡಿ. ನಮ್ಮ ಭಾಗಕ್ಕೆ ಇನ್ನೊಂದು ತಕರಾರಿದೆ. ಜಗಳೂರು, ಮೊಳಕಾಲ್ಮುರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದ ಬೆನ್ನುಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣುತ್ತದೆ, ಬಲ ಮಾತ್ರ ಕುಂದಿರುತ್ತದೆ. ರಿಪೋರ್ಟು ಚೆನ್ನಾಗಿದೆಯೆಂದು ಔಷಧ ತಡವಾಗುವುದು ಇಂಥಲ್ಲೇ. ಯಾವ ನೀರು ಕುಡಿದು ಬೆಳೆದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಬೆನ್ನಿನ ಪಕ್ಕದಿಂದ ತೆಗೆದ ಎಕ್ಸ್‌ರೇಯನ್ನೂ ನೋಡಿಸಿ.