ಬುತ್ತಿಯೊಳಗಿನ ನೀರು

ಮಳೆಗಾಲ ಮುಗಿದು ಚಳಿ ಬಿದ್ದೊಡನೆ ಬದಿಯಡ್ಕ, ಕುಂಬಳೆ, ಪೆರ್ಲ ಕಡೆಯ ಹುಡುಗರು ರಾಣಿಪುರಂ ಬೆಟ್ಟಕ್ಕೋ ಪೊಸಡಿಗುಂಪೆಗೋ ಹೊರಡುತ್ತಾರೆ. ಇನ್ನು ಕೆಲವರು ಕೊಡಗು ದಾಟಿ ಎರಡು ಮೂರು ರಾತ್ರಿ ಡೇರೆಯಲ್ಲಿ ಕಳೆಯುವ ಯೋಜನೆ ಹಾಕುತ್ತಾರೆ. ಸಣ್ಣ ಆಹಾರ ಘಟಕಗಳಿಗೆ ಸಲಹೆ ಕೊಡುವುದು ನನ್ನ ವೃತ್ತಿಯಾದ್ದರಿಂದ, ಕೆಡದ ಮತ್ತು ಬೇಯಿಸುವ ರಗಳೆಯಿಲ್ಲದ ಊಟ ಯಾವ ಕಂಪೆನಿಯದು ಒಳ್ಳೆಯದೆಂದು ಅವರು ನನ್ನನ್ನು ಕೇಳುವುದುಂಟು. ಕಂಪೆನಿಯ ಹೆಸರು ಹೇಳುವ ಬದಲು ನಾನು ಎರಡು ಮರುಪ್ರಶ್ನೆ ಹಾಕುತ್ತೇನೆ: ಹೋಗುವ ದಾರಿಯಲ್ಲಿ ನೀರು ಸಿಗುತ್ತದೆಯೇ, ಅಲ್ಲಿ ಒಲೆ ಹಚ್ಚಲು ಅನುಮತಿಯಿದೆಯೇ?

ಅಂಗಡಿಯಲ್ಲಿ ಸಿಗುವ ಸಿದ್ಧ ಊಟದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ನೀರು ಒಳಗೇ ಇರುತ್ತದೆ, ಇನ್ನೊಂದರಲ್ಲಿ ಅದನ್ನು ತೆಗೆದಿರುತ್ತಾರೆ. ಪಲಾವ್, ರಾಜ್ಮಾ, ದಾಲ್ ಮುಂತಾದವು ಬರುವ ಬೆಳ್ಳಿಬಣ್ಣದ ಮೆತ್ತನೆಯ ಪೊಟ್ಟಣ ಮೊದಲನೆಯ ಜಾತಿಯದು. ಅದಕ್ಕೆ ರಿಟಾರ್ಟ್ ಪೌಚ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್ ಇರುತ್ತದೆ. ಆಹಾರವನ್ನು ತುಂಬಿ, ಬಾಯಿ ಮುಚ್ಚಿ, ಆಮೇಲೆ ಪೊಟ್ಟಣವನ್ನೇ ರಿಟಾರ್ಟ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಪೊಟ್ಟಣದ ಒಳಗೆ ಎಲ್ಲಕ್ಕಿಂತ ನಿಧಾನವಾಗಿ ಬಿಸಿಯೇರುವ ಬಿಂದುವಿಗೂ ಆ ಉಷ್ಣತೆಯಲ್ಲಿ ಕನಿಷ್ಠ ಮೂರು ನಿಮಿಷಕ್ಕೆ ಸಮನಾದ ಶಾಖ ತಲುಪಬೇಕು. ಆಗಲೇ ಮಾರಕ ವಿಷ ಬಿಡುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು, ಅಂದರೆ ಶಾಖವನ್ನು ತಾಳಿಕೊಳ್ಳುವ ಅದರ ಸುಪ್ತ ರೂಪಗಳು, ನಾಶವಾಗುವುದು. ಹೀಗೆ ಕಾಯಿಸಿದ ಆಹಾರ ತಿಂಗಳುಗಟ್ಟಲೆ ಉಳಿಯುವುದಕ್ಕೆ ಸಂರಕ್ಷಕ ರಾಸಾಯನಿಕದ ಅಗತ್ಯವೇ ಇಲ್ಲ. ‘ಇಷ್ಟು ದಿನ ಕೆಡುವುದಿಲ್ಲವೆಂದರೆ ಏನೋ ಮದ್ದು ಹಾಕಿರಬೇಕು’ ಎಂಬ ನಮ್ಮವರ ಗುಮಾನಿ ಈ ಪೊಟ್ಟಣಗಳ ಮಟ್ಟಿಗೆ ಸರಿಯಲ್ಲ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ನಮ್ಮ ಸೈನಿಕರಿಗಾಗಿ ಇಂತಹ ಊಟಗಳನ್ನು ರೂಪಿಸಿದೆ.

ಈ ವಿವರವನ್ನು ಇಷ್ಟು ಎಳೆಯುವುದಕ್ಕೆ ಕಾರಣವಿದೆ. ಇತ್ತೀಚೆಗೆ ಮನೆಬಳಕೆಯ ವ್ಯಾಕ್ಯೂಮ್ ಯಂತ್ರಗಳು ಅಗ್ಗವಾಗಿವೆ, ಮನೆಯಲ್ಲಿ ಕುದಿಸಿದ ಸಾಂಬಾರನ್ನೋ ಕೋಳಿಸಾರನ್ನೋ ಗಾಳಿ ತೆಗೆದು ಮುಚ್ಚಿ, ‘ಇನ್ನು ನಾಲ್ಕು ದಿನಕ್ಕೆ ಚಿಂತೆಯಿಲ್ಲ’ ಎಂದು ಚೀಲಕ್ಕೆ ತುಂಬುವವರನ್ನು ನಾನು ಕಂಡಿದ್ದೇನೆ. ಮನೆಯ ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿ ದಾಟುವುದಿಲ್ಲ, ಬೀಜಾಣುಗಳು ಅದಕ್ಕೆ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ, ಬೆಚ್ಚಗಿನ ಜಾಗವೇ ಆ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು. ನಾವು ಅದನ್ನು ಕೈಯಾರೆ ಒದಗಿಸಿದಂತಾಗುತ್ತದೆ. ಅದರ ವಿಷಕ್ಕೆ ವಾಸನೆ ಬರಲೇಬೇಕೆಂದಿಲ್ಲ. ಅಂಗಡಿಯ ಪೊಟ್ಟಣವೂ ಉಬ್ಬಿದ್ದರೆ ಅಥವಾ ಅಂಚು ಬಿಟ್ಟಿದ್ದರೆ ನಾಲಗೆಗೆ ಮುಟ್ಟಿಸಿ ನೋಡಬಾರದು, ನೇರವಾಗಿ ಎಸೆಯಬೇಕು. ಮುಚ್ಚಿದ ಕಾರಿನ ಬಿಸಿಯಲ್ಲಿ ದಿನಗಟ್ಟಲೆ ಇಡುವುದೂ ಬೇಡ, ಅತಿ ಶಾಖದಲ್ಲೇ ಬೆಳೆಯುವ ಕೆಲವು ಜೀವಾಣುಗಳು ರಿಟಾರ್ಟಿನ ಶಾಖವನ್ನೂ ತಾಳಿಕೊಂಡು ಉಳಿದಿರಬಹುದು.

ಮುನ್ನೂರು ಗ್ರಾಂ ತೂಗುವ ಇಂತಹ ಪೊಟ್ಟಣದಲ್ಲಿ ಸುಮಾರು ಇನ್ನೂರು ಗ್ರಾಂ ನೀರೇ. ಆರು ಊಟಕ್ಕೆ ಬೆನ್ನ ಮೇಲೆ 1.8 ಕಿಲೋ ಏರುತ್ತದೆ. ಇದನ್ನು ದೋಷವೆಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಾರ್ಚ್ ತಿಂಗಳಲ್ಲಿ ಪೊಸಡಿಗುಂಪೆಯ ಮುರಕಲ್ಲಿನ ನೆತ್ತಿಯಲ್ಲಿ ತೊಟ್ಟು ನೀರೂ ಇಲ್ಲ; ಒಣ ಊಟ ಒಯ್ದರೂ ಅದನ್ನು ನೆನೆಸುವ ನೀರನ್ನು ಬೇರೆ ಹೊರಲೇಬೇಕು. ಅಂತಹ ಕಡೆ, ಒಲೆಗೆ ಅವಕಾಶವಿಲ್ಲದ ಅರಣ್ಯದಲ್ಲಿ ಕೂಡ, ಒದ್ದೆ ಪೊಟ್ಟಣವೇ ಮೇಲು, ಅದನ್ನು ಬಿಸಿ ಮಾಡದೆಯೇ ತಿನ್ನಬಹುದು.

ದಾರಿಯುದ್ದಕ್ಕೂ ತೊರೆಯಿದ್ದರೆ ಮಾತ್ರ ಒಣ ಆಹಾರ ಗೆಲ್ಲುತ್ತದೆ. ಈಗ ಹೆಸರು ಮಾಡಿರುವ ಫ್ರೀಜ್ ಡ್ರೈ ಊಟದಲ್ಲಿ ಬೆಂದ ಆಹಾರವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರ ಆವಿಯಾಗಿಸುತ್ತಾರೆ; ಅಗುಳಿನ ಆಕಾರ ಹಾಗೇ ಉಳಿದು ಒಳಗೆಲ್ಲ ಸಣ್ಣ ರಂಧ್ರಗಳಾಗುವುದರಿಂದ ಬಿಸಿನೀರು ಸುರಿದ ಕೆಲವೇ ನಿಮಿಷಗಳಲ್ಲಿ ಮತ್ತೆ ಅನ್ನವಾಗುತ್ತದೆ. ಬೆಲೆ ಜಾಸ್ತಿ, ನಮ್ಮ ಕರಾವಳಿಯ ತೇವದ ಗಾಳಿಗೆ ತೆರೆದಿಟ್ಟರೆ ಬೇಗನೆ ಅಂಟಂಟಾಗುತ್ತದೆ. ಆದರೆ ಒಮ್ಮೆ ಬೇಯಿಸಿ ಒಣಗಿಸುವ ಈ ಉಪಾಯ ನಮ್ಮ ಅಜ್ಜಿಯಂದಿರಿಗೆ ಹೊಸದೇನಲ್ಲ. ತುಳುವಿನಲ್ಲಿ ಬಜಿಲ್ ಎನ್ನುವ ಅವಲಕ್ಕಿಯಲ್ಲಿ ನಡೆಯುವುದೂ ಅದೇ: ಭತ್ತವನ್ನು ನೆನೆಸಿ, ಹುರಿದು, ಕುಟ್ಟುವಾಗ ಪಿಷ್ಟ ಆಗಲೇ ಬೆಂದಿರುತ್ತದೆ, ಆದ್ದರಿಂದ ತಣ್ಣೀರಿಗೂ ಅದು ಮೆತ್ತಗಾಗುತ್ತದೆ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿಯೂ ಇದೇ ಸಾಲಿಗೆ ಸೇರುತ್ತದೆ; ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿದ ಮಾಂಬಳವೂ, ಬೇಯಿಸದಿದ್ದರೂ, ಒಣ ಬುತ್ತಿಯೇ. ಒಂದು ಎಚ್ಚರ: ತಣ್ಣೀರಿನಲ್ಲಿ ನೆನೆಸಿ ತಿನ್ನುವ ಆಹಾರಕ್ಕೆ ಮುಂದೆ ಬೆಂಕಿ ತಾಗುವುದಿಲ್ಲವಾದ್ದರಿಂದ, ತೊರೆಯ ನೀರನ್ನು ಮೊದಲೇ ಕುದಿಸಿ ಆರಿಸಿಕೊಳ್ಳಬೇಕು.

ನಮ್ಮ ಬುತ್ತಿಯನ್ನು ಕೆಡಿಸುವುದು ಹಸಿ ತೆಂಗಿನಕಾಯಿ. ಅವಲಕ್ಕಿಗೆ ಬೆಳಿಗ್ಗೆ ಬೆರೆಸಿದ ತುರಿ ಸೆಕೆಯ ದಿನಗಳಲ್ಲಿ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ. ಅದರ ಬದಲು ಹುರಿದ ಕೊಬ್ಬರಿ ತುರಿಯನ್ನು ಬಳಸಬಹುದು. ನಮ್ಮದೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನದಲ್ಲಿ ತಯಾರಾಗುವ ತೆಂಗಿನ ಚಿಪ್ಸ್ ಕೂಡ ದಾರಿಗೆ ಒಳ್ಳೆಯದು. ಎರಡನೆಯ ಅಪಾಯ ರಾತ್ರಿ ಬೇಯಿಸಿ ಹಾಗೆಯೇ ಮುಚ್ಚಿಟ್ಟ ಅನ್ನದ್ದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನ ಒಯ್ಯುವವರು ಹೊರಡುವ ಮುಂಜಾನೆಯೇ ಬೇಯಿಸಿ, ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಮಧ್ಯಾಹ್ನದೊಳಗೆ ಮುಗಿಸಲಿ.

ಕೆಲವು ಪೊಟ್ಟಣಗಳೊಂದಿಗೆ ನೀರು ಹಾಕಿದರೆ ತಾನೇ ಬಿಸಿಯಾಗುವ ಚೀಲವೊಂದು ಬರುತ್ತದೆ. ಅದರಲ್ಲಿ ಮೆಗ್ನೀಸಿಯಂ ಇದ್ದರೆ ಹೈಡ್ರೋಜನ್ ಹೊರಬೀಳುತ್ತದೆ, ಆದ್ದರಿಂದ ಡೇರೆಯ ಒಳಗಾಗಲಿ ಉರಿಯುವ ಒಲೆಯ ಪಕ್ಕದಲ್ಲಾಗಲಿ ಬಳಸಬಾರದು.

ರಾಣಿಪುರಂಗೆ ಒಂದು ಹಗಲಿಗೆ ಹೋಗುವಾಗ ನನ್ನ ಚೀಲದಲ್ಲಿ ಒಗ್ಗರಣೆ ಹಾಕಿದ ತೆಳು ಅವಲಕ್ಕಿ, ಹುರಿದ ನೆಲಗಡಲೆ, ನಾಲ್ಕು ತುಂಡು ಮಾಂಬಳ, ಎರಡು ಲೀಟರ್ ನೀರು ಇರುತ್ತವೆ. ರಿಟಾರ್ಟ್ ಪೊಟ್ಟಣ ಒಂದೇ ಒಂದು, ಇಳಿಯುವುದು ತಡವಾದರೆ ಬೇಕಾದೀತೆಂದು. ಅದರ ಜೊತೆ ಒಂದು ಖಾಲಿ ಚೀಲವೂ ಇರುತ್ತದೆ. ಮೂರು ಪದರ ಅಂಟಿಕೊಂಡ ಆ ಹಾಳೆಯನ್ನು ಗುಜರಿಯವರೂ ಮುಟ್ಟುವುದಿಲ್ಲವಾದ್ದರಿಂದ, ತಿಂದ ಮೇಲೆ ಮಡಚಿ ಮನೆಗೇ ತರುತ್ತೇನೆ.