ಗೋಡೆಯ ಆಚೆ ದ್ರಾಕ್ಷಿ ಗಾಣ

ಇಟಲಿಯ ಪಾಂಪೇಯಿ ಎಂಬ ಹಳೆಯ ರೋಮನ್ ಊರಿನ ಕೋಟೆಗೋಡೆ ದಾಟಿ ಸ್ವಲ್ಪ ದೂರ ನಡೆದರೆ ಒಂದು ದೊಡ್ಡ ತೋಟದ ಮನೆ ಸಿಗುತ್ತದೆ. ಹೆಸರು 'ವಿಲ್ಲಾ ಆಫ್ ದ ಮಿಸ್ಟರೀಸ್'. ಒಳಗೆ ಒಂದು ಕೋಣೆಯ ನಾಲ್ಕೂ ಗೋಡೆಗೆ ಗಾಢ ಕೆಂಪು ಬಣ್ಣ, ಅದರ ಮೇಲೆ ಆಳೆತ್ತರದ ಚಿತ್ರಗಳು. ಪ್ರವಾಸಿಗಳೆಲ್ಲ ಅಲ್ಲೇ ಗುಂಪು ಕಟ್ಟುತ್ತಾರೆ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಉದ್ದನೆಯ ಮರದ ತೊಲೆ ಇದೆ, ತುದಿಯಲ್ಲಿ ಟಗರಿನ ತಲೆ ಕೆತ್ತಿದ್ದಾರೆ. ಅದು ದ್ರಾಕ್ಷಿ ಹಿಂಡುವ ಗಾಣ, ಈಗಿನವರು ಮತ್ತೆ ಮಾಡಿ ಇಟ್ಟದ್ದು. ಅದರ ಮುಂದೆ ಅಷ್ಟೇನೂ ಜನ ನಿಲ್ಲುವುದಿಲ್ಲ. ಆದರೆ ಈ ಎರಡು ಕೋಣೆಗಳನ್ನು ಒಟ್ಟಿಗೆ ನೋಡದಿದ್ದರೆ ರೋಮನ್ನರ ವಿಲ್ಲಾ ಅರ್ಥವಾಗುವುದೇ ಇಲ್ಲ.

ವಿಲ್ಲಾ ಅಂದರೆ ಇವತ್ತು ನಮಗೆ ಈಜುಕೊಳ, ಹುಲ್ಲುಹಾಸು, ಕಾಂಪೌಂಡು ಇರುವ ಮನೆ. ರೋಮನ್ನರಿಗೆ ಅದು ಮೊದಲು ಹೊಲಮನೆ. ಅಲ್ಲಿ ಎತ್ತು, ಕಣ, ಗಾಣ ಎಲ್ಲ ಇರುತ್ತಿತ್ತು. ಕ್ರಿ.ಶ. ಮೊದಲ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾ ವಿಲ್ಲಾವನ್ನು ಮೂರು ಪಾಲು ಮಾಡುತ್ತಾನೆ. ಒಡೆಯನಿಗೊಂದು ಪಾಲು, ಆಳು ಮತ್ತು ದನಗಳಿಗೊಂದು, ಬೆಳೆ ಇಡಲು ಇನ್ನೊಂದು. ಆಳುಗಳೂ ದನಗಳೂ ಒಂದೇ ಪಾಲಿನಲ್ಲಿ ಬಂದದ್ದು ಕೈತಪ್ಪಿ ಆದದ್ದಲ್ಲ. ಆ ಮಾತಿಗೆ ಆಮೇಲೆ ಬರೋಣ.

ಶ್ರೀಮಂತರು ಹೊಲಕ್ಕೇ ಯಾಕೆ ಅಂಟಿಕೊಂಡರು? ವ್ಯಾಪಾರ ಅವರಿಗೆ ಮರ್ಯಾದೆಯ ಕೆಲಸ ಆಗಿರಲಿಲ್ಲ. ಕ್ರಿ.ಪೂ. 218ರಲ್ಲಿ ಒಂದು ಕಾನೂನೇ ಬಂತು. 300 ಆಂಫೊರಾಕ್ಕಿಂತ (ಆಂಫೊರಾ ಅಂದರೆ ಮಣ್ಣಿನ ಜಾಡಿಯ ಅಳತೆ) ಜಾಸ್ತಿ ಹೊರುವ ಸಮುದ್ರದ ಹಡಗನ್ನು ಸೆನೆಟರ್, ಅಂದರೆ ರೋಮಿನ ಆಡಳಿತ ಸಭೆಯ ಸದಸ್ಯ, ಇಟ್ಟುಕೊಳ್ಳುವಂತಿಲ್ಲ. ಸ್ವಂತ ಹೊಲದ ಬೆಳೆ ಸಾಗಿಸಲು ಅಷ್ಟು ಸಾಕು ಅನ್ನುವುದು ಲೆಕ್ಕ. ಒಂದು ಆಂಫೊರಾ ಸುಮಾರು 26 ಲೀಟರ್, ಅಂದರೆ ಹಡಗಿಗೆ 7,800 ಲೀಟರ್ ಮಿತಿ. ಈಗ ವೆಸೂವಿಯಸ್ ಅಗ್ನಿಪರ್ವತದ ಬುಡದಲ್ಲಿ, ಬೋಸ್ಕೊರೆಯಾಲೆಯಲ್ಲಿ, 1977ರಲ್ಲಿ ಸಿಕ್ಕ 'ವಿಲ್ಲಾ ರೆಜಿನಾ' ನೋಡಿ. ಹತ್ತಾರು ಕೋಣೆಗಳ ಸಣ್ಣ ಹೊಲಮನೆ ಅಷ್ಟೆ, ಯಾವ ಸೆನೆಟರನ ಅರಮನೆಯೂ ಅಲ್ಲ. ಅಲ್ಲಿನ ಅಂಗಳದಲ್ಲಿ ಹೂತಿಟ್ಟ 18 ಗುಡಾಣಗಳಲ್ಲೇ ಸುಮಾರು 10,000 ಲೀಟರ್ ವೈನ್ ಹಿಡಿಯುತ್ತಿತ್ತು, ಒಂದು ಹಡಗಿನ ಆ ಮಿತಿಗಿಂತಲೂ ಜಾಸ್ತಿ.

ಗುಡಾಣ ಹೂಳುವುದರಲ್ಲಿ ಒಳ್ಳೆಯ ವಿಜ್ಞಾನ ಇದೆ. ದ್ರಾಕ್ಷಿ ರಸ ಹುಳಿಯುವಾಗ ಬಿಸಿ ಏರುತ್ತದೆ. ಬಿಸಿ ಅತಿಯಾದರೆ ಯೀಸ್ಟ್ ಸಾಯುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕುತ್ತಿಗೆವರೆಗೆ ಹೂತರೆ ಸುತ್ತಲಿನ ಮಣ್ಣು ಆ ಬಿಸಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ಹಗಲು ರಾತ್ರಿಯ ಏರಿಳಿತ ಒಳಗೆ ತಟ್ಟುವುದಿಲ್ಲ. ತಳ ಕಿರಿದಾಗಿರುವುದರಿಂದ ಗಷ್ಟು ಕೆಳಗೆ ಕೂರುತ್ತದೆ. ಮಣ್ಣಿನ ಪಾತ್ರೆ ಜಿನುಗದಂತೆ ಒಳಗೆ ಮರದ ರಾಳ ಬಳಿಯುತ್ತಿದ್ದರು. ಮನೆಯ ಸುತ್ತ ದ್ರಾಕ್ಷಿ ತೋಟ ಇತ್ತು ಅಂತ ಗೊತ್ತಾದದ್ದಂತೂ ಇನ್ನೂ ಚೆಂದ. ಕ್ರಿ.ಶ. 79ರಲ್ಲಿ ಬೂದಿ ಮುಚ್ಚಿದ ಮೇಲೆ ಬಳ್ಳಿಯ ಬೇರು ಕೊಳೆತು ಹೋಗಿ ಅದೇ ಆಕಾರದ ಪೊಳ್ಳು ಉಳಿದಿತ್ತು. ಅದರೊಳಗೆ ಪ್ಲಾಸ್ಟರ್ ಸುರಿದರು, ಬೇರಿನ ಅಚ್ಚು ಎದ್ದು ಬಂತು.

ಅದೇ ಊರಿನ 'ಪಿಸಾನೆಲ್ಲಾ' ಎಂಬ ವಿಲ್ಲಾದಲ್ಲಿ ಇಂಥ 84 ಗುಡಾಣ ಸಿಕ್ಕವು. 1895ರಲ್ಲಿ ಅಲ್ಲಿ 109 ಬೆಳ್ಳಿ ಸಾಮಾನು, ಸಾವಿರಕ್ಕೂ ಮಿಕ್ಕಿ ಚಿನ್ನದ ನಾಣ್ಯ ದೊರೆತವು. ಬೆಟ್ಟ ಸಿಡಿದಾಗ ಯಾರೋ ಅವಸರದಲ್ಲಿ ಬಚ್ಚಿಟ್ಟಿದ್ದರು. ಎಲ್ಲಿ ಗೊತ್ತಾ? ಗಾಣದ ಕೋಣೆಯ ತೊಟ್ಟಿಯಲ್ಲಿ. ಆ ಬೆಳ್ಳಿ ಈಗ ಪ್ಯಾರಿಸಿನ ಲೂವ್ರ್‌ನಲ್ಲಿದೆ.

ಬರೀ ವೈನ್ ಎಣ್ಣೆ ಅಲ್ಲ. ವಾರೋ ಎಂಬ ಪಂಡಿತ ಕ್ರಿ.ಪೂ. 37ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಒಂದು ಲೆಕ್ಕ ಕೊಡುತ್ತಾನೆ. ರೋಮ್‌ನಿಂದ 24 ಮೈಲಿ ದೂರದ ಒಂದು ವಿಲ್ಲಾದಲ್ಲಿ ಥ್ರಷ್ ಎಂಬ ಹಾಡುಹಕ್ಕಿಗಳನ್ನು ಗೂಡಿನಲ್ಲಿ ಕೊಬ್ಬಿಸಿ, ವರ್ಷಕ್ಕೆ 5,000 ಹಕ್ಕಿ ಮಾರುತ್ತಿದ್ದರು. ಬಂದದ್ದು 60,000 ಸೆಸ್ಟರ್ಸ್ (ರೋಮನ್ನರ ನಾಣ್ಯ). 200 ಯೂಗೆರಾ, ಅಂದರೆ ಸುಮಾರು 125 ಎಕರೆ ಹೊಲದ ಆದಾಯಕ್ಕಿಂತ ಎರಡು ಪಟ್ಟು! ರೋಮ್‌ನಲ್ಲಿ ಔತಣ ಜಾಸ್ತಿಯಾದಷ್ಟೂ ಹಕ್ಕಿ ಸಾಕಿದವನ ಕೈ ಮೇಲಾಗುತ್ತಿತ್ತು.

ಲ್ಯಾಟಿನ್‌ನಲ್ಲಿ ಬಿಡುವಿಗೆ 'ಓಟಿಯಮ್' ಅನ್ನುತ್ತಾರೆ. ವ್ಯವಹಾರಕ್ಕೆ 'ನೆಗೋಟಿಯಮ್', ಅಂದರೆ ಬಿಡುವು ಇಲ್ಲದಿರುವುದು. ಪದದಲ್ಲೇ ಎರಡಕ್ಕೂ ಆಗಿಬರುವುದಿಲ್ಲ. ಆದರೆ ಕ್ರಿ.ಶ. 100ರ ಆಸುಪಾಸಿನ ಸೆನೆಟರ್ ಕಿರಿಯ ಪ್ಲಿನಿಯ ಪತ್ರ ಓದಿದರೆ ಎರಡೂ ಒಂದೇ ಸೂರಿನಡಿ ಕಾಣುತ್ತವೆ. ರೋಮ್‌ನಿಂದ 17 ಮೈಲಿ ದೂರ, ಕಡಲ ದಂಡೆಯಲ್ಲಿ ಅವನದೊಂದು ಮನೆ ಇತ್ತು. ಅಲ್ಲಿ ಮನೆ, ಕೈತೋಟ, ಮರಳು ಬಿಟ್ಟರೆ ಏನೂ ಇಲ್ಲ, ಬರವಣಿಗೆಯೊಂದೇ ಬೆಳೆ ಅಂತ ತಮಾಷೆ ಮಾಡುತ್ತಾನೆ. ಆದರೆ ಟಸ್ಕನಿಯ ದೊಡ್ಡ ಎಸ್ಟೇಟಿನ ಮಾತು ಬಂದಾಗ ದನಿಯೇ ಬೇರೆ. ಅಲ್ಲಿಂದ ವರ್ಷಕ್ಕೆ 4 ಲಕ್ಷ ಸೆಸ್ಟರ್ಸ್‌ಗೂ ಮಿಕ್ಕಿ ಬರುತ್ತಿತ್ತು. ಆಗ ಸಾಮಾನ್ಯ ಸೈನಿಕನ ವರ್ಷದ ಸಂಬಳ 1,200. ಒಮ್ಮೆ ಪ್ಲಿನಿ ಬಳ್ಳಿಯ ಮೇಲಿದ್ದ ಫಸಲನ್ನೇ ವ್ಯಾಪಾರಿಗಳಿಗೆ ಮಾರಿಬಿಟ್ಟ. ಆಮೇಲೆ ಅವರಿಗೆ ಲುಕ್ಸಾನಾಯಿತು. ಎಲ್ಲರಿಗೂ ಎಂಟನೇ ಒಂದು ಪಾಲು ಹಣ ಬಿಟ್ಟುಕೊಟ್ಟ, ದೊಡ್ಡ ಗಿರಾಕಿಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಮುಂದಿನ ವರ್ಷವೂ ಅವರು ಬರಬೇಕಲ್ಲ! ಗೇಣಿದಾರರ ಬಾಕಿ ಬೆಳೆಯುತ್ತಲೇ ಹೋದಾಗ, ದುಡ್ಡಿನ ಗೇಣಿ ಬಿಟ್ಟು ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವ ಯೋಚನೆ ಮಾಡುತ್ತಾನೆ. ಇದನ್ನು ವಿಶ್ರಾಂತಿ ಅಂತ ಕರೆಯುವುದು ಕಷ್ಟ, ಅಲ್ವಾ?

ಈ ಬಿಡುವಿನ ಭಾರ ಹೊತ್ತವರು ಗುಲಾಮರು. 100 ಯೂಗೆರಾ ದ್ರಾಕ್ಷಿ ತೋಟಕ್ಕೆ 16 ಆಳು ಅಂತ, ಕ್ರಿ.ಪೂ. ಎರಡನೇ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ಕೇಟೊ ಲೆಕ್ಕ ಹಾಕಿದ್ದ. ಮಾರಬೇಕಾದ ವಸ್ತುಗಳ ಅವನ ಪಟ್ಟಿಯಲ್ಲಿ ಮುದಿ ಎತ್ತು, ಹಳೆ ಗಾಡಿ, ಮುದಿ ಗುಲಾಮ, ಕಾಯಿಲೆಯ ಗುಲಾಮ ಎಲ್ಲ ಒಂದೇ ಸಾಲಿನಲ್ಲಿವೆ. ವಾರೋ ಗುಲಾಮನನ್ನು 'ಮಾತಾಡುವ ಸಲಕರಣೆ'ಯ ಸಾಲಿಗೆ ಸೇರಿಸುತ್ತಾನೆ. ಪಾಂಪೇಯಿ ಬಳಿಯ ಚಿವಿಟಾ ಜೂಲಿಯಾನಾ ವಿಲ್ಲಾದಲ್ಲಿ 2021ರಲ್ಲಿ ಒಂದು ಕೋಣೆ ತೆರೆದರು. ಬರೀ 16 ಚದರ ಮೀಟರ್. ಅದರಲ್ಲಿ ಮೂರು ಮಂಚ, ಒಂದಂತೂ ಮಗು ಮಲಗುವಷ್ಟೇ ಚಿಕ್ಕದು. ಮೇಲೆ ಸಣ್ಣ ಕಿಟಕಿ, ಮೂಲೆಯಲ್ಲಿ ಗಡಿಗೆಗಳು. ಅದೇ ಮನೆಯಲ್ಲಿ ಅದೇ ವರ್ಷ ಕಂಚಿನ ಅಲಂಕಾರದ ಮೆರವಣಿಗೆ ರಥವೂ ಸಿಕ್ಕಿತ್ತು.

ಕೊನೆಕೊನೆಗೆ ಗಾಣವೇ ನೋಡುವ ಆಟವಾಯಿತು. ರೋಮ್‌ನ ಹೊರಗಿನ ಕ್ವಿಂಟಿಲಿ ವಿಲ್ಲಾದಲ್ಲಿ ಮೂರನೇ ಶತಮಾನದ ಒಂದು ವೈನ್ ಮನೆ ಸಿಕ್ಕಿದೆ. ದ್ರಾಕ್ಷಿ ತುಳಿಯುವ ಜಾಗಕ್ಕೆ ಕೆಂಪು ಅಮೃತಶಿಲೆ ಹಾಸಿದ್ದಾರೆ. ರಸ ಗೋಡೆಯ ಗೂಡುಗಳಿಂದ ಕಾರಂಜಿಯ ಹಾಗೆ ಸುರಿಯುತ್ತಿತ್ತು. ಸುತ್ತ ಊಟದ ಕೋಣೆಗಳು. ಒದ್ದೆ ಅಮೃತಶಿಲೆ ಜಾರುತ್ತದೆ, ತುಳಿಯುವವರಿಗೆ ಅದಕ್ಕಿಂತ ಕೆಟ್ಟ ನೆಲ ಇಲ್ಲ. ಆದರೆ ಕೂತು ನೋಡುವವರಿಗೆ ಚೆಂದ.

ಈ ಚಾಳಿ ಹಳೆಯದೇ. ಎರಡನೇ ಶತಮಾನದಲ್ಲಿ, ಮುಂದೆ ಚಕ್ರವರ್ತಿಯಾದ ಮಾರ್ಕಸ್ ಅರೀಲಿಯಸ್ ತನ್ನ ಗುರು ಫ್ರಾಂಟೋಗೆ ಹಳ್ಳಿಯಿಂದ ಕಾಗದ ಬರೆಯುತ್ತಾನೆ. ಅವತ್ತು ಅವನೂ ದ್ರಾಕ್ಷಿ ಕೊಯ್ದು ಬೆವರಿದ್ದ. ಸ್ನಾನ ಮುಗಿಸಿ ಗಾಣದ ಕೋಣೆಯಲ್ಲಿ ಊಟ ಮಾಡಿದೆವು ಅನ್ನುತ್ತಾನೆ. ಸ್ನಾನ ಮಾಡಿದ್ದು ಗಾಣದಲ್ಲಲ್ಲ, ಊಟ ಮಾತ್ರ ಅಂತ ಒಂದು ನಗೆ ಬೇರೆ. ಅಲ್ಲಿ ಕೂತು ಹಳ್ಳಿಯವರು ಒಬ್ಬರನ್ನೊಬ್ಬರು ಕಿಚಾಯಿಸುವುದನ್ನು ಖುಷಿಯಿಂದ ಕೇಳಿದರಂತೆ. ಅವರು ಏನೇನು ಹೇಳಿದರು ಅನ್ನುವುದನ್ನು ಮಾತ್ರ ಅವನು ಬರೆಯಲಿಲ್ಲ.