ಸಾಲ ಅವನದ್ದು, ಜಾಮೀನು ಮಾತ್ರ ನಂದು: ಬ್ಯಾಂಕು ಮೊದಲು ಅವನನ್ನೇ ಹಿಡೀಬೇಕಲ್ವಾ?

"ಸರ್, ಭಾಮೈದನ ಲೋನಿಗೆ ಜಾಮೀನು ಹಾಕಿದ್ದೆ. ಅವನು ಕಂತು ಕಟ್ಟಿಲ್ಲ. ಅವನ ಹೆಸರಲ್ಲಿ ಸೈಟಿದೆ, ಕಾರಿದೆ. ಅದನ್ನೆಲ್ಲ ಬಿಟ್ಟು ಬ್ಯಾಂಕಿನೋರು ನನಗೆ ನೋಟಿಸ್ ಕಳಿಸಿದ್ದಾರೆ. ಮೊದಲು ಅವನ ಆಸ್ತಿ ಹರಾಜು ಹಾಕಿ, ಸಾಲ್ದೇ ಹೋದ್ರೆ ತಾನೇ ನನ್ನ ಹತ್ರ ಬರಬೇಕು?"

ಈ ಪ್ರಶ್ನೆ ತಿಂಗಳಿಗೆ ನಾಕೈದು ಸಲ ಬರುತ್ತೆ. ಭಾಮೈದನ ಜಾಗದಲ್ಲಿ ಷಡ್ಡಕ ಇರ್ತಾನೆ, ಜೊತೆಗೆ ಕೆಲಸ ಮಾಡೋರು ಇರ್ತಾರೆ, ಕೊನೇ ಸಾಲು ಮಾತ್ರ ಯಾವಾಗ್ಲೂ ಇದೇ. ನನ್ನ ಉತ್ತರಾನೂ ಇದೇ: ಇಲ್ಲ ಸ್ವಾಮಿ, ಹಾಗಿಲ್ಲ. ನಿಮ್ಮ ಕರಾರಲ್ಲಿ ಬೇರೆ ಥರ ಬರೆದಿಲ್ದೇ ಇದ್ರೆ ಬ್ಯಾಂಕು ಸಾಲ ತಗೊಂಡೋರನ್ನ ಬಿಟ್ಟು ನೇರ ನಿಮ್ಮ ಹತ್ರಾನೇ ಬರಬಹುದು.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಭಾಷೇಲಿ ಈ ಒಂದೇ ಪದ ಮೂರು ಕಡೆ ದುಡಿಯೋದು. ಅರೆಸ್ಟ್ ಆದೋನಿಗೆ ಬೇಲ್ ಸಿಕ್ರೆ "ಜಾಮೀನು ಸಿಕ್ತು" ಅಂತೀವಿ, ಅವನಿಗೋಸ್ಕರ ಕೋರ್ಟಲ್ಲಿ ಪಹಣಿ ಹಿಡ್ಕೊಂಡು ಶ್ಯೂರಿಟಿ ನಿಂತೋನೂ ಜಾಮೀನುದಾರ, ಸೊಸೈಟೀಲಿ ಪಕ್ಕದ ಮನೆಯೋನ ಸಾಲಕ್ಕೆ ಸೈನ್ ಹಾಕಿದೋನೂ ಜಾಮೀನುದಾರ. ಅರಬ್ಬಿ, ಪಾರಸಿ ಕಡೆಯಿಂದ ಬಂದ ಪದ ಇದು, ಅಲ್ಲಿ ಜಾಮಿನ್ ಅಂದ್ರೆ ಹೊಣೆ ಹೊತ್ತ ಮನುಷ್ಯ. ಕನ್ನಡದ ಹೊಣೆಗಾರ ಅನ್ನೋದೇ ನಿಜಕ್ಕೂ ಸರಿಯಾದ ಪದ, ಅದನ್ನೇ ಬಳಸ್ತಿದ್ರೆ ಸೈನ್ ಹಾಕೋ ಮುಂಚೆ ಕೈ ಒಂದು ಕ್ಷಣ ತಡೀತಿತ್ತೇನೋ.

ಈಗ ಆ "ಮೊದಲು ಅವನು, ಆಮೇಲೆ ನಾನು" ಅನ್ನೋ ನಂಬಿಕೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಓದಿದೋರೂ, ಮೇಷ್ಟ್ರುಗಳೂ, ಸರ್ಕಾರಿ ನೌಕರರೂ ಇದನ್ನೇ ನಂಬ್ಕೊಂಡಿರ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ತೆಗೆದು ನೋಡಿ, ಒಂದೇ ವಾಕ್ಯ ಇದೆ: ಕರಾರಲ್ಲಿ ಬೇರೆ ಥರ ಹೇಳದೇ ಇದ್ರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನು ಬಡ್ಡಿ, ಖರ್ಚು ಸೇರಿಸಿ 4 ಲಕ್ಷ ಕೊಡಬೇಕಾದ್ರೆ ನೀವೂ 4 ಲಕ್ಷ, ಅರ್ಧ ಅಲ್ಲ, ಉಳಿದದ್ದೂ ಅಲ್ಲ. "ನನಗೆ ಆ ದುಡ್ಡಲ್ಲಿ ಒಂದು ರೂಪಾಯೀನೂ ಬಂದಿಲ್ಲ" ಅನ್ನೋ ವಾದಕ್ಕೂ 127ನೇ ಕಲಂ ಉತ್ತರ ಕೊಟ್ಟಿದೆ, ಸಾಲಗಾರನಿಗೆ ಅನುಕೂಲ ಆದ್ರೆ ಸಾಕು, ನಿಮ್ಮ ಕರಾರು ಗಟ್ಟಿಯಾಯ್ತು.

ಇದು ನ್ಯಾಯಾನಾ ಅಂತ ಕೇಳ್ತೀರಾ, ಕೋರ್ಟಿಗೂ ಹಾಗೆ ಅನ್ನಿಸಿತ್ತು. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಕೇಸಲ್ಲಿ ಕೆಳಗಿನ ಕೋರ್ಟು ಥೇಟ್ ನೀವು ಹೇಳೋ ಹಾಗೇ ಹೇಳ್ತು, ಮೊದಲು ಸಾಲಗಾರನ ಮೇಲೆ ಇರೋ ದಾರಿ ಎಲ್ಲಾ ಮುಗಿಸಿ ಆಮೇಲೆ ಜಾಮೀನುದಾರನ ಹತ್ರ ಹೋಗಿ ಅಂತ. 1968ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನ ಕಿತ್ತು ಹಾಕ್ತು. ಸಾಲಗಾರನ ಬೆನ್ನು ಹತ್ತಿ ವರ್ಷಗಟ್ಟಲೆ ಅಲೀಬಾರದು ಅಂತಾನೇ ಬ್ಯಾಂಕು ಜಾಮೀನು ಕೇಳೋದು, ಬ್ಯಾಂಕು ಕಾಯಬೇಕು ಅಂದ್ರೆ ಜಾಮೀನು ತಗೊಂಡಿದ್ದೇ ದಂಡ ಆಗುತ್ತೆ ಅನ್ನೋದು ತೀರ್ಪಿನ ತಿರುಳು. ಅಷ್ಟು ಹಳೇ ವಿಷಯ ಇದು, ಇವತ್ತಿಗೂ ಊರ ಕಟ್ಟೆ ಮೇಲೆ ಉಲ್ಟಾನೇ ಹೇಳ್ತಾರೆ.

ನಾನು 22 ವರ್ಷ ಲೋನ್ ಸೆಕ್ಷನ್ನಲ್ಲಿ ಕೂತಿದ್ದೋನು, ಈ ನಂಬಿಕೆ ಎಲ್ಲಿ ಹುಟ್ಟುತ್ತೆ ಅಂತ ಕಣ್ಣಾರೆ ನೋಡಿದೀನಿ. ಜಾಮೀನು ಪತ್ರದ ಪ್ರತಿ ಹಾಳೆ ಕೆಳಗೂ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿಟ್ಟಿರ್ತೀವಿ, ಬಂದೋರು ಹಾಳೆಯ ತುದಿ ಮಾತ್ರ ಎತ್ತಿ ಇಂಟು ಇರೋ ಕಡೆ ಸೈನ್ ಹಾಕ್ತಾ ಹೋಗ್ತಾರೆ, ಪಕ್ಕದಲ್ಲಿ ಸಾಲ ತಗೊಳ್ಳೋನು "ಬರೀ ಫಾರ್ಮಾಲಿಟಿ ಭಾವ, ಸಾಕ್ಷಿ ಸೈನ್ ಅಷ್ಟೇ" ಅಂತ ಹೇಳ್ತಿರ್ತಾನೆ. ಸಾಕ್ಷಿ ಅಂದ್ರೆ "ಇವನು ನನ್ನೆದುರೇ ಸೈನ್ ಹಾಕಿದ" ಅನ್ನೋದು. ಜಾಮೀನು ಅಂದ್ರೆ "ಇವನು ಕಟ್ಟದಿದ್ರೆ ನಾನು ಕಟ್ತೀನಿ" ಅನ್ನೋದು. ಎರಡಕ್ಕೂ ನೆಲ ಮುಗಿಲಿನ ಅಂತರ ಇದೆ.

ಹಾಗಂತ ಕಾನೂನು ನಿಮ್ಮನ್ನ ಪೂರ್ತಿ ಕೈಬಿಟ್ಟಿಲ್ಲ. ನೀವು ಸಾಲ ತೀರಿಸಿದ್ರೆ ಬ್ಯಾಂಕಿಗೆ ಅವನ ಮೇಲೆ ಇದ್ದ ಹಕ್ಕೆಲ್ಲ ನಿಮಗೆ ಬರುತ್ತೆ (140ನೇ ಕಲಂ), ಕಟ್ಟಿದ ದುಡ್ಡನ್ನ ಅವನಿಂದ ವಸೂಲಿ ಮಾಡಬಹುದು (145). ಇಬ್ಬರು ಜಾಮೀನು ಹಾಕಿದ್ರೆ ಬ್ಯಾಂಕು ಒಬ್ಬರ ಹತ್ರಾನೇ ಪೂರ್ತಿ ವಸೂಲಿ ಮಾಡಬಹುದು, ಆದ್ರೆ ಕಟ್ಟಿದೋರು ಇನ್ನೊಬ್ಬರಿಂದ ಅವರ ಪಾಲು ಕೇಳಬಹುದು. ನಿಮ್ಮನ್ನ ಕೇಳದೇ ಬ್ಯಾಂಕು ಸಾಲದ ಷರತ್ತು ಬದಲಾಯಿಸಿದ್ರೆ, ಇಲ್ಲಾ ಅಡ ಇಟ್ಟಿದ್ದ ಸ್ವತ್ತನ್ನ ಕೈಬಿಟ್ರೆ, ನಿಮ್ಮ ಹೊಣೆ ಹೋಗುತ್ತೆ ಅಥವಾ ಕಮ್ಮಿ ಆಗುತ್ತೆ. ಆದ್ರೆ ಎಷ್ಟೋ ಬ್ಯಾಂಕಿನ ಫಾರ್ಮಲ್ಲಿ "ಈ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ" ಅಂತ ಒಂದು ಪ್ಯಾರಾ ಇರುತ್ತೆ, ಅದಕ್ಕೇ ನೋಟಿಸ್ ಬಂದ ತಕ್ಷಣ ಬ್ಯಾಂಕಿಂದ ಆ ಪತ್ರದ ಕಾಪಿ ತರಿಸ್ಕೊಂಡು ವಕೀಲರ ಮುಂದೆ ಇಡಿ. ನೋಟಿಸಿಗೆ ಉತ್ತರ ಕೊಡದೇ ಬೀರುವಲ್ಲಿ ಇಡಬೇಡಿ. ಇನ್ನೊಂದು, ಜಾಮೀನುದಾರ ತೀರಿಕೊಂಡ್ರೆ ಎಲ್ಲಾ ಮುಗೀತು ಅಂತಾನೂ ಅಂದ್ಕೋಬೇಡಿ, ಆಗಲೇ ಇರೋ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿ ಮಟ್ಟಿಗೆ ವಾರಸುದಾರರನ್ನ ಕೇಳಬಹುದು.

ನೀವು ಕೇಳಿಲ್ಲ, ಆದ್ರೂ ಕೋರ್ಟಿನ ಜಾಮೀನಿನ ಬಗ್ಗೆ ಹೇಳಿಬಿಡ್ತೀನಿ, ಯಾಕಂದ್ರೆ ಅಲ್ಲಿ ಜನ ಇದಕ್ಕೆ ಪೂರ್ತಿ ವಿರುದ್ಧ ಭಯಪಡ್ತಾರೆ. ಬೇಲಿಗೆ ಶ್ಯೂರಿಟಿ ನಿಂತ್ರೆ ಅವನ ಅಪರಾಧ ನಮ್ಮ ತಲೆಗೆ ಬರುತ್ತೆ ಅಂತಾರೆ. ಬರಲ್ಲ. ನೀವು ಹೊಣೆ ಹೊತ್ತಿರೋದು ಅವನು ಕರೆದ ದಿನ ಕೋರ್ಟಿಗೆ ಬರ್ತಾನೆ ಅನ್ನೋದಕ್ಕೆ, ಅವನಿಗೆ ಶಿಕ್ಷೆ ಆದ್ರೂ ನಿಮಗೇನಿಲ್ಲ. ಅವನು ತಪ್ಪಿಸ್ಕೊಂಡ್ರೆ ಮಾತ್ರ ಬಾಂಡಲ್ಲಿ ಬರೆದ ಹಣ ಕಟ್ಟಿ ಅಂತ ನಿಮಗೆ ನೋಟಿಸ್ ಬರುತ್ತೆ, ಕಾರಣ ಹೇಳೋಕೆ ಅವಕಾಶ ಇದೆ, ಕೋರ್ಟು ಮೊತ್ತ ಕಮ್ಮಿ ಮಾಡಲೂಬಹುದು, ಆದ್ರೆ ವಸೂಲಿ ಆಗದೇ ಹೋದ್ರೆ 6 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸೋ ಅಧಿಕಾರಾನೂ ಇದೆ. ದೊಡ್ಡ ವ್ಯತ್ಯಾಸ ಏನಂದ್ರೆ, ಬ್ಯಾಂಕಲ್ಲಿ ಕೊಟ್ಟಾಗಿರೋ ಸಾಲದಿಂದ "ನನಗೆ ಬೇಡ" ಅಂತ ಒಬ್ಬರೇ ಎದ್ದು ಬರೋಕೆ ಆಗಲ್ಲ, ಕೋರ್ಟಲ್ಲಿ ಆಗುತ್ತೆ. ಹುಡುಗನ ನಡವಳಿಕೆ ಸರಿ ಕಾಣ್ತಿಲ್ಲ ಅನ್ಸಿದ್ರೆ ಯಾವಾಗ ಬೇಕಾದ್ರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ಜಾಮೀನು ವಾಪಸ್ ತಗೋಬಹುದು, 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸೋ ಕ್ರಮದ ಕಾನೂನು) ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಂ ಅದು. ಆಗ ಅವನನ್ನ ಕೋರ್ಟಿಗೆ ಕರೆಸಿ, ನಿಮ್ಮನ್ನ ಬಿಟ್ಟು, ಬೇರೆ ಜಾಮೀನುದಾರರನ್ನ ಕೊಡು ಅಂತಾರೆ.